ವೀರಗಲ್ಲಿನಲ್ಲಿ ಇಲ್ಲದವರು: ಆನ್‌ಲೈನ್ ರೇಡ್‌ನ ಹೀಲರ್ ಪಾತ್ರದ ಒಂದು ಸಣ್ಣ ಚರಿತ್ರೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದೆ.)

ಆಟದ ವಿಷಯ ಕನ್ನಡ ವಿಭಾಗದ ಗೋಷ್ಠಿಗೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಾನು ಮಡಕಶಿರಾ ಕಡೆಯವಳು. ನಮ್ಮ ಸೀಮೆಯ ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ವೀರಗಲ್ಲು ನೋಡ್ತಾ ಬೆಳೆದವರಿಗೆ ‘ರೇಡ್’ ಹೊಸದಲ್ಲ, ಶಾಸನಗಳಲ್ಲಿ ಅದು ತುರುಗೋಳು. ದನ ಹೊಡೆದುಕೊಂಡು ಹೋಗಲು ಒಂದು ಗುಂಪು ಬರುತ್ತದೆ, ತಡೆಯಲು ಊರಿನವರು ನಿಲ್ಲುತ್ತಾರೆ. ಸತ್ತವನಿಗೆ ಕಲ್ಲು ನಿಲ್ಲಿಸುತ್ತಾರೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಮನೆಯವರಿಗೆ ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ದತ್ತಿ ಸಿಗುತ್ತದೆ. ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ 10ನೇ ಶತಮಾನದಲ್ಲಿ ಕಲ್ಲು ನಿಂತಿದೆ. ಹಾಗಾದರೆ ಗಾಯಗೊಂಡವನನ್ನು ಬದುಕಿಸಿದವರು ಎಲ್ಲಿ? ನಾನು ಓದಿದ ವೀರಗಲ್ಲುಗಳಲ್ಲಿ ಅವರು ಸಿಗಲಿಲ್ಲ. ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದೂ ಶಾಸನ ಓದುವಾಗ ಅಲ್ಲ, ರೇಡ್‌ನಲ್ಲಿ ಹೀಲರ್ ಆಗಿ ಆಡುವಾಗ.

ಮೊದಲು ಪಾತ್ರದ ಚರಿತ್ರೆ ನೋಡೋಣ. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಾಗದ-ದಾಳದ ಆಟದಲ್ಲಿ ಮೂರೇ ಬಗೆಯ ಪಾತ್ರಗಳಿದ್ದವು: ಯೋಧ, ಮಾಂತ್ರಿಕ, ಪೂಜಾರಿಯಂಥ ‘ಕ್ಲೆರಿಕ್’. ಗಾಯ ಮಾಯಿಸುವ ಮಂತ್ರ ಕ್ಲೆರಿಕ್‌ನ ಪಾಲಿಗೆ ಬಂತು. 1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹೊರತಂದ ‘ಡಿಕುಮಡ್’ ಅಕ್ಷರಗಳಲ್ಲೇ ಆಡುವ ಜಾಲದಾಟ. ಕ್ಲೆರಿಕ್ ಅಲ್ಲಿಗೂ ಬಂದ. ಅದೇ ಜಾಡಿನ ‘ಎವರ್‌ಕ್ವೆಸ್ಟ್’ (1999) ಏಟು ತಿನ್ನುವ ಟ್ಯಾಂಕ್, ಏಟು ಕೊಡುವವರು, ಬದುಕಿಸುವ ಹೀಲರ್ ಎಂಬ ಮೂರು ಕೆಲಸಗಳ ಹಂಚಿಕೆಯನ್ನು ಗಟ್ಟಿ ಮಾಡಿತು. ಅಲ್ಲಿನ ದೊಡ್ಡ ಹೀಲ್ ಮಂತ್ರ ಹಾಕಲು 10 ಸೆಕೆಂಡು ಬೇಕು. ಟ್ಯಾಂಕ್ ಅಷ್ಟು ಹೊತ್ತು ಉಳಿಯುವುದಿಲ್ಲ. ಅದಕ್ಕೆ ಕ್ಲೆರಿಕ್‌ಗಳು ಸರದಿ ಕಟ್ಟಿದರು. ಒಬ್ಬ ಶುರು ಮಾಡಿದ ಕೆಲ ಸೆಕೆಂಡಿಗೆ ಇನ್ನೊಬ್ಬ, ಆಮೇಲೆ ಮತ್ತೊಬ್ಬ. ಭಜನೆಯ ತಾಳದ ಹಾಗೆ ಎಣಿಕೆ ನಡೀಬೇಕು, ಒಬ್ಬ ತಪ್ಪಿದರೆ ಇಡೀ ಗುಂಪು ನೆಲಕ್ಕೆ.

2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಮೊದಮೊದಲ ದೊಡ್ಡ ರೇಡ್‌ಗಳಿಗೆ 40 ಜನ. ಹೀಲರ್ ಶತ್ರುವನ್ನು ನೋಡುವುದು ಕಮ್ಮಿ. ಅವಳ ಕಣ್ಣು 40 ಸಣ್ಣ ಪಟ್ಟಿಗಳ ಮೇಲೆ. ಯಾವುದು ಇಳಿಯುತ್ತಿದೆ, ಯಾರನ್ನು ಈಗ ಎತ್ತಬೇಕು, ಯಾರನ್ನು ಬಿಡಬೇಕು? ಮಾನಾ ಎಂಬ ಶಕ್ತಿ ಖಾಲಿಯಾದರೆ ಮುಗೀತು. ಗಾಯ ಮಾಯಿಸಿದರೂ ಶತ್ರುವಿನ ಸಿಟ್ಟು ಏರುತ್ತದೆ. ಆಟದ ಲಾಗ್‌ನಲ್ಲಿ ಎಷ್ಟು ಹೀಲ್ ಆಯಿತು ಅನ್ನುವ ಲೆಕ್ಕ ಇರುತ್ತೆ, ನಿಜ. ಸತ್ತವರ ಹೆಸರೂ ಇರುತ್ತೆ. ತಪ್ಪಿದ ಸಾವಿಗೆ ಮಾತ್ರ ಸಾಲು ಇಲ್ಲ. ವೀರಗಲ್ಲಿಗೂ ಲಾಗ್‌ಗೂ ಇರುವ ಹೋಲಿಕೆ ಇಲ್ಲಿದೆ ಅಂತ ನನ್ನ ವಾದ: ಎರಡೂ ನಡೆದದ್ದನ್ನು ಬರೆಯುತ್ತವೆ, ನಡೆಯದಂತೆ ತಡೆದದ್ದನ್ನು ಬರೆಯಲಾರವು.

ಹೀಲರ್ ಯಾವಾಗಲೂ ಒಳ್ಳೆಯದನ್ನೇ ಮಾಡ್ತಾಳೆ ಅಂತಲೂ ಅಲ್ಲ. 2005ರ ಸೆಪ್ಟೆಂಬರ್‌ನಲ್ಲಿ ಇದೇ ಆಟದ ಒಂದು ರೇಡ್‌ನಿಂದ ‘ಕರಪ್ಟೆಡ್ ಬ್ಲಡ್’ ಎಂಬ ಸೋಂಕು ತಪ್ಪಿಸಿಕೊಂಡು ಆಟದೊಳಗಿನ ನಗರಗಳಿಗೆ ಹಬ್ಬಿತು. ಹೀಲರ್‌ಗಳು ತಾವಾಗಿ ಬಂದು ಬಿದ್ದವರನ್ನು ಎತ್ತಿದರು. ಎತ್ತಿದವರು ಬದುಕಿದ್ದು ಇನ್ನೂ ಕೆಲವರಿಗೆ ಹಚ್ಚಿದರು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ 2007ರಲ್ಲಿ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ನಲ್ಲಿ ಈ ಘಟನೆಯನ್ನು ಸಾಂಕ್ರಾಮಿಕದ ಪಾಠವಾಗಿ ಚರ್ಚಿಸಿದರು.

ನನ್ನದೇ ಒಂದು ತಪ್ಪು ಹೇಳಿ ಮುಗಿಸ್ತೀನಿ. ನಮ್ಮ ಗುಂಪಿನಲ್ಲಿ ರಾಯದುರ್ಗದ ನನ್ನ ಚಿಕ್ಕಪ್ಪನ ಮಗ ಏಟು ಕೊಡುವವನು, ತೆಲುಗಿನ ಹುಡುಗ ಒಬ್ಬ ಟ್ಯಾಂಕ್. ರಾಯದುರ್ಗ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದ ತಾಲ್ಲೂಕು. ಅಲ್ಲಿಯವರಿಗೂ ನಮಗೂ ಎರಡೂ ಭಾಷೆ ಬರುತ್ತೆ. ಒಂದು ರಾತ್ರಿ ಇಬ್ಬರೂ ಒಟ್ಟಿಗೆ ಕೂಗಿದರು. “ಅಕ್ಕಾ, ಹೀಲ್ ಕೊಡೇ!” ಅನ್ನೋದು ನನ್ನ ಕಿವಿಗೆ ಮೊದಲು ಬಿತ್ತು. ತಮ್ಮನನ್ನು ಎತ್ತಿದೆ. ಟ್ಯಾಂಕ್ ಸತ್ತ, ಹಿಂದೆಯೇ ಎಲ್ಲರೂ ಸತ್ತರು, ತಮ್ಮನೂ. ಯಾರೂ ಬೈಯಲಿಲ್ಲ. ಆ ಹುಡುಗ “ಅಕ್ಕಾ, ನನ್ನು ಚೂಡಲೇದಾ?” ಅಂತಷ್ಟೇ ಕೇಳಿದ. ನೋಡಿದ್ದೆ, ಅವನ ಪಟ್ಟಿ ಇಳೀತಿದ್ದದ್ದು ಕಂಡಿತ್ತು. ಆದರೂ ನನ್ನ ಕೈ ನಮ್ಮವನ ಕಡೆ ಹೋಯಿತು. ಗಡಿ ಸೀಮೆಯ ಚರಿತ್ರೆ ಬರೆಯುವಾಗಲೂ ಮೊದಲು ನಮ್ಮ ಭಾಷೆಯ ಕೂಗೇ ಕೇಳಿಸುತ್ತೆ. ಆ ಕಿವಿಯ ಬಗ್ಗೆ ಎಚ್ಚರ ಬೇಕು ಅಂತ ನಾನು ಕಲಿತದ್ದು ತರಗತಿಯಲ್ಲಿ ಅಲ್ಲ.

ಚರ್ಚೆ. ಒಬ್ಬ ಅಧ್ಯಾಪಕರು: “ಕಲ್ಲಿಲ್ಲದವರ ಚರಿತ್ರೆಯನ್ನು ಯಾವ ಆಕರದಿಂದ ಬರೀತೀಯಮ್ಮ?”

ಉತ್ತರ: “ಸರ್, ಉಳಿದುಕೊಂಡವರಿಂದ. ಗಾಯವಾಗಿಯೂ ಮನೆಗೆ ಬಂದವನಿಗೆ ಕಲ್ಲು ಇರಲಿಕ್ಕಿಲ್ಲ, ಅವನ ಮಕ್ಕಳು ಇರ್ತಾರೆ. ಊರಿನ ಹಾಡು, ನಾಟಿ ಮದ್ದಿನ ಮನೆತನಗಳ ನೆನಪು, ಅಲ್ಲಿಂದ ಶುರು ಮಾಡಬೇಕು ಅಂದ್ಕೊಂಡಿದ್ದೀನಿ. ಕನ್ನಡದ ಮನೆಗಳಲ್ಲಿ ಮಾತ್ರ ಅಲ್ಲ, ತೆಲುಗಿನ ಮನೆಗಳಲ್ಲೂ ಕೇಳ್ತೀನಿ.”