ಕಡಲ ತೀರದ ಚೇತರಿಕೆ: ಇಂಗ್ಲೆಂಡಿನಲ್ಲಿ ಭಾರತೀಯ ಸಿಪಾಯಿಗಳು

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂ ರಣರಂಗಗಳಲ್ಲಿ ಗಾಯಗೊಂಡ ಸಾವಿರಾರು ಭಾರತೀಯ ಸಿಪಾಯಿಗಳನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸಾಗಿಸಲಾಯಿತು. ಅಲ್ಲಿ ಅವರಿಗೆ ದೊರೆತ ಆರೈಕೆ ನಿಜವಾದದ್ದು. ಆದರೆ ಅದು ಅವರನ್ನು ಮತ್ತೆ ಕಂದಕಕ್ಕೆ ಅಣಿಗೊಳಿಸುವ ಸೇನಾ ವ್ಯವಸ್ಥೆಯ ಅಂಗವೂ ಆಗಿತ್ತು ಎಂಬುದು ಈ ಲೇಖನದ ಪ್ರತಿಪಾದನೆ.

1914ರ ಡಿಸೆಂಬರಿನಲ್ಲಿ ಆ ಕರಾವಳಿಯ ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯೂ ಪಕ್ಕದ ಡೋಮ್ ಸಭಾಂಗಣವೂ ಆಸ್ಪತ್ರೆಗಳಾದವು. ಆಹಾರದ ಕಟ್ಟುಪಾಡುಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು, ಹಿಂದೂ-ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿಗಳು, ತೋಟದಲ್ಲಿ ಸಿಖ್ಖರ ಪ್ರಾರ್ಥನೆಗೊಂದು ಡೇರೆ ಇದ್ದವು. ಈ ಏರ್ಪಾಡನ್ನು ಬಣ್ಣಿಸುವ ಸಚಿತ್ರ ಪುಸ್ತಿಕೆ 1915ರಲ್ಲಿ ಇಂಗ್ಲಿಷ್, ಗುರುಮುಖಿ, ಉರ್ದುವಿನಲ್ಲಿ ಅಚ್ಚಾಯಿತು. ಉಪಚಾರ ಹೀಗೆ ಪ್ರಚಾರದ ಸಾಮಗ್ರಿಯೂ ಆಯಿತು. ಅದೇ ಊರಿನಲ್ಲಿ ಭಾರತೀಯ ಸಿಪಾಯಿಗಳಿಗಿದ್ದ ಇನ್ನೊಂದು ಆಸ್ಪತ್ರೆಯಾದ ಕಿಚನರ್‌ನಲ್ಲಿ ಮುಳ್ಳುತಂತಿ ಬೇಲಿಯೂ ಕಾವಲೂ ಇದ್ದುದನ್ನು ಇದರ ಜೊತೆಗಿಟ್ಟೇ ನೋಡಬೇಕು.

ಗಾಯ ಮಾಗುತ್ತಿದ್ದವರಿಗೆ ಹ್ಯಾಂಪ್‌ಶೈರ್‌ನ ಬಾರ್ಟನ್-ಆನ್-ಸೀಯಲ್ಲಿ ಚೇತರಿಕೆ ಶಿಬಿರವಿತ್ತು. ಮೈ ನೆಟ್ಟಗಾದರೆ ಮತ್ತೆ ಫ್ರಾನ್ಸು. ಕಾದಲು ಆಗದಿದ್ದರೆ ಭಾರತ. ತಿಂಗಳಿಗೆ 11 ರೂಪಾಯಿ ಸಂಬಳದ ಸಿಪಾಯಿಗೆ ವಾಸಿಯಾಗುವುದೇ ಭಯದ ಮೂಲವಾಯಿತು. ಸೆನ್ಸಾರ್ ಅಧಿಕಾರಿಗಳು ಅನುವಾದಿಸಿಟ್ಟ ಸಿಪಾಯಿಗಳ ಪತ್ರಗಳಲ್ಲಿ ಈ ಅಳಲು ಮತ್ತೆ ಮತ್ತೆ ಕೇಳಿಸುತ್ತದೆ.

ಗಾಯಾಳುಗಳಲ್ಲಿ ಒಬ್ಬರಾದ ಭಾರತೀಯ ಸೇನೆಯ ಮೀರ್ ದಸ್ತ್ ಅವರ ಪ್ರಸಂಗ ಇಲ್ಲಿ ಮುಖ್ಯ. 1915ರ ಏಪ್ರಿಲ್ 26ರಂದು ಬೆಲ್ಜಿಯಂನ ಈಪ್ರ ಬಳಿ ತೋರಿದ ಶೌರ್ಯಕ್ಕಾಗಿ, ಅದೇ ವರ್ಷದ ಆಗಸ್ಟಿನಲ್ಲಿ ಐದನೆಯ ಜಾರ್ಜ್ ದೊರೆ ಪೆವಿಲಿಯನ್ನಿನಲ್ಲಿ ಅವರಿಗೆ ವಿಕ್ಟೋರಿಯಾ ಕ್ರಾಸ್ ತೊಡಿಸಿದರು. ಒಮ್ಮೆ ಗಾಯಗೊಂಡವನನ್ನು ಮತ್ತೆ ಕಂದಕಕ್ಕೆ ಕಳಿಸಬಾರದೆಂದು ಅವರು ದೊರೆಯನ್ನೇ ಬೇಡಿಕೊಂಡರೆಂದು ಆ ದಿನಗಳ ಪತ್ರವೊಂದು ತಿಳಿಸುತ್ತದೆ. ಪದಕ ಒಳ್ಳೆಯದೇ, ಆದರೆ ಯುದ್ಧದಲ್ಲಿ ತಗುಲಿದ ವಿಷಾನಿಲ ನೆಮ್ಮದಿ ಕೊಡುತ್ತಿಲ್ಲ ಎಂಬುದು ಅವರ ಸ್ವಂತ ಪತ್ರದ ಸಾರ. ಸಾಮ್ರಾಜ್ಯದ ಅತ್ಯುನ್ನತ ಗೌರವ ಪಡೆದವರ ಬೇಡಿಕೆಯೇ ಇದಾಗಿದ್ದರೆ, ಸಾಮಾನ್ಯ ಸಿಪಾಯಿಯ ಪತ್ರಗಳನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕಲಾಗದು.

ಈ ಸಿಪಾಯಿಗಳ ನೆನಪು ಕಲ್ಲಿನಲ್ಲೂ ಉಳಿಯಿತು. ಬಾರ್ಟನ್ನಿನಲ್ಲಿ 1917ರಲ್ಲೇ ಶಿಬಿರದ ನೆನಪಿಗೆ ಸ್ಮಾರಕಸ್ತಂಭ ಎದ್ದಿತು. ಬ್ರೈಟನ್ನಿನಲ್ಲಿ ತೀರಿಕೊಂಡ 53 ಹಿಂದೂ, ಸಿಖ್ ಸೈನಿಕರನ್ನು ಪ್ಯಾಚಮ್ ಗುಡ್ಡದ ಮೇಲೆ ದಹನ ಮಾಡಿದ ಸ್ಥಳದಲ್ಲಿ 1921ರ ಫೆಬ್ರವರಿ 1ರಂದು ಅಮೃತಶಿಲೆಯ ‘ಛತ್ರಿ’ ಸ್ಮಾರಕ ಅನಾವರಣಗೊಂಡಿತು. ಅದರ ಮೇಲೆ ಸತ್ತವರ ಹೆಸರುಗಳಿರಲಿಲ್ಲ. ಆ 53 ಹೆಸರುಗಳನ್ನು ಛತ್ರಿಯ ಬಳಿ ಕಲ್ಲಿನಲ್ಲಿ ಕೊರೆದು ನಿಲ್ಲಿಸಿದ್ದು 2010ರಲ್ಲಿ.