ಅರವತ್ತನಾಲ್ಕು ಮನೆಯ ಆಕಾಶ

ಕಂಪ್ಯೂಟರ್ ಆಟ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಬಣ್ಣಬಣ್ಣದ ಪರದೆ. ಆದರೆ ಪರದೆಯೇ ಇಲ್ಲದೆ, ಟೈಪ್‌ರೈಟರ್‌ನಂಥ ಯಂತ್ರವೊಂದು ಕಾಗದದ ಮೇಲೆ ಕುಟ್ಟುವ ಅಕ್ಷರಗಳನ್ನೇ ನೋಡಿಕೊಂಡು ಆಡುತ್ತಿದ್ದ ಅಂತರಿಕ್ಷದ ಆಟವೊಂದಿತ್ತು. ಹೆಸರು 'ಸ್ಟಾರ್ ಟ್ರೆಕ್'. ಅದೇ ಹೆಸರಿನ ಅಮೆರಿಕದ ಟಿವಿ ಧಾರಾವಾಹಿಯಿಂದ ಬಂದದ್ದು. 1971ರಲ್ಲಿ ಹುಟ್ಟಿದ ಈ ಆಟ ಇನ್ನೂ ಸತ್ತಿಲ್ಲ. ನನ್ನ ಬಳಿಯೂ ಒಂದು ಪ್ರತಿ ಇದೆ, ಕನ್ನಡದಲ್ಲಿ. ಹಲವು ವರ್ಷಗಳಿಂದ ಅದನ್ನು ಸಾಕಿಕೊಂಡು ಬಂದಿದ್ದೇನೆ. ಹೌದು, ಸಾಕುವುದೇ! ತಂತ್ರಾಂಶವನ್ನು ಒಮ್ಮೆ ಬರೆದಿಟ್ಟರೆ ಮುಗಿಯಿತು ಅನ್ನುವವರು ಅದನ್ನು ಹತ್ತು ವರ್ಷ ಇಟ್ಟುಕೊಂಡು ನೋಡಬೇಕು.

ಮೊದಲು ಆಟ ಹೇಗೆ ಅಂತ ಹೇಳಿಬಿಡುತ್ತೇನೆ. ಆಕಾಶವನ್ನು ಎಂಟು ಅಡ್ಡ, ಎಂಟು ಉದ್ದ, ಒಟ್ಟು 64 ವಲಯಗಳಾಗಿ ಕತ್ತರಿಸಿದ್ದಾರೆ. ನಮ್ಮ ಚದುರಂಗದ ಹಾಸಿನ ಹಾಗೆ. ಒಂದೊಂದು ವಲಯದೊಳಗೂ ಮತ್ತೆ 64 ಮನೆ. ನೀವು ಎಂಟರ್‌ಪ್ರೈಸ್ ನೌಕೆಯ ಕ್ಯಾಪ್ಟನ್. ಗೊತ್ತಾದ ದಿನಗಳೊಳಗೆ ಕ್ಲಿಂಗಾನ್ ಶತ್ರುಗಳನ್ನೆಲ್ಲ ಹುಡುಕಿ ಹೊಡೆಯಬೇಕು. ಕೈಯಲ್ಲಿರುವುದು 3000 ಯೂನಿಟ್ ಶಕ್ತಿ, 10 ಟಾರ್ಪಿಡೊ. ಮುಗಿದರೆ ನೆಲೆಗೆ ಹೋಗಿ ತುಂಬಿಸಿಕೊಳ್ಳಬೇಕು. ದೂರದ ವಲಯದಲ್ಲಿ ಏನಿದೆ ಅಂತ ಕೇಳಿದರೆ ಮೂರಂಕಿಯ ಉತ್ತರ ಬರುತ್ತದೆ. 305 ಅಂದರೆ ಮೂವರು ಶತ್ರು, ನೆಲೆ ಸೊನ್ನೆ, ನಕ್ಷತ್ರ ಐದು. ಇಷ್ಟೇ. ಆದರೆ ಟೆಲಿಟೈಪ್ ಸೆಕೆಂಡಿಗೆ ಹತ್ತೇ ಅಕ್ಷರ ಕುಟ್ಟುತ್ತಿದ್ದ ಕಾಲದಲ್ಲಿ ಆ ಮೂರು ಅಂಕಿ ಮೂಡುವವರೆಗೂ ಎದೆ ಹೊಡೆದುಕೊಳ್ಳುತ್ತಿತ್ತೇನೋ!

ಇದನ್ನು ಮೊದಲು ಬರೆದವನು ಮೈಕ್ ಮೇಫೀಲ್ಡ್, ಆಗಿನ್ನೂ ಹೈಸ್ಕೂಲಿನ ಹುಡುಗ. 1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಮಾಡಿದ್ದ 'ಸ್ಪೇಸ್‌ವಾರ್' ಅವನನ್ನು ಸೆಳೆದಿತ್ತು. ಅದಕ್ಕೆ ಚಿತ್ರ ಮೂಡುವ ಪರದೆ ಬೇಕು. ಇವನಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಸಿಕ್ಕಿದ್ದು ಸಿಗ್ಮಾ 7 ಕಂಪ್ಯೂಟರು, ಅದಕ್ಕೆ ಜೋಡಿಸಿದ ಟೆಲಿಟೈಪು. ಹಾಗಾಗಿ ಆಕಾಶವನ್ನೇ ಅಕ್ಷರಗಳಿಗೆ ಇಳಿಸಿದ. 1972ರಲ್ಲಿ ಎಚ್‌ಪಿ-35 ಕ್ಯಾಲ್ಕುಲೇಟರ್ ಕೊಂಡು ಆ ಕಂಪನಿಯ ಮಾರಾಟ ಕಚೇರಿಗೆ ಓಡಾಡುತ್ತಿದ್ದಾಗ ಅಲ್ಲಿನವರು, "ನಮ್ಮ ಯಂತ್ರಕ್ಕೂ ಈ ಆಟ ಮಾಡಿಕೊಡು, ಯಂತ್ರ ಬಳಸಲು ಬಿಡುತ್ತೇವೆ" ಎಂಬ ಒಪ್ಪಂದ ಮಾಡಿಕೊಂಡರು. ಹೀಗೆ ಹುಟ್ಟಿದ ಮರುವರ್ಷವೇ ಆಟ ಊರು ಬದಲಿಸಿತು. ಎಚ್‌ಪಿ 2000ಸಿ ಯಂತ್ರಕ್ಕೆ ಅವನು ಹೊಸದಾಗಿ ಬರೆದುಕೊಟ್ಟ.

ಯಾಕೆ ಹೊಸದಾಗಿ ಬರೆಯಬೇಕು, ಎರಡೂ ಕಡೆ ಇರುವುದು ಬೇಸಿಕ್ ಭಾಷೆಯೇ ತಾನೇ ಅಂತ ಕೇಳಬಹುದು. ಧಾರವಾಡದ್ದೂ ಕನ್ನಡ, ಮಂಗಳೂರಿನದ್ದೂ ಕನ್ನಡ! ಒಬ್ಬೊಬ್ಬ ತಯಾರಕನ ಬೇಸಿಕ್‌ಗೂ ಒಂದೊಂದು ಧಾಟಿ ಇತ್ತು. ಒಂದು ಉದಾಹರಣೆ ನೋಡಿ. ಒಂದು ವಲಯದ ನಕ್ಷೆ ಇಡಲು 64 ಮನೆ, ಮನೆಗೆ ಮೂರು ಅಕ್ಷರ, ಒಟ್ಟು 192 ಅಕ್ಷರ ಬೇಕು. ಎಚ್‌ಪಿ ಬೇಸಿಕ್‌ನಲ್ಲಿ ಒಂದು ಪದಸರಣಿಗೆ 72 ಅಕ್ಷರವೇ ಮಿತಿ. ಟೆಲಿಟೈಪಿನ ಒಂದು ಸಾಲಿಗೂ ಅಷ್ಟೇ. ಹಾಗಾಗಿ ನಕ್ಷೆಯನ್ನು ಮೂರು ತುಂಡು ಮಾಡಿದ್ದಾನೆ. ಮೊದಲ ಎರಡರಲ್ಲಿ ಮೂರು ಮೂರು ಸಾಲು, ಕೊನೆಯದರಲ್ಲಿ ಎರಡು. ಮುಂದೆ ಮೈಕ್ರೋಸಾಫ್ಟ್ ಬೇಸಿಕ್ ಬಂತು, ಅದರಲ್ಲಿ ಮಿತಿ 255. ಮೂರು ತುಂಡು ಒಂದಾಯಿತು. ಆಡುವವನಿಗೆ ಏನೂ ಗೊತ್ತಾಗುವುದಿಲ್ಲ, ಆಕಾಶ ಮೊದಲಿನಂತೆಯೇ ಇದೆ. ಒಳಗೆ ಮಾತ್ರ ಗೋಡೆ ಒಡೆದು ಮನೆ ಕಟ್ಟಿದ್ದಾರೆ.

ಆಟವನ್ನು ನಾಲ್ಕು ಜನರಿಗೆ ಮುಟ್ಟಿಸಿದವರು ಡೇವಿಡ್ ಆಲ್. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಶಿಕ್ಷಣ ವಿಭಾಗದಲ್ಲಿದ್ದ ಇವರು ಮೇರಿ ಕೋಲ್ ಜೊತೆ ಸೇರಿ ಅದನ್ನು ತಮ್ಮ ಕಂಪನಿಯ ಬೇಸಿಕ್‌ಗೆ ತಂದರು, 1973ರ '101 ಬೇಸಿಕ್ ಕಂಪ್ಯೂಟರ್ ಗೇಮ್ಸ್' ಪುಸ್ತಕದಲ್ಲಿ ಇಡೀ ಪ್ರೋಗ್ರಾಮನ್ನೇ ಅಚ್ಚು ಹಾಕಿಸಿದರು. ಅದನ್ನು ನೋಡಿದ ಬಾಬ್ ಲೀಡಮ್ 1974ರಲ್ಲಿ ಡೇಟಾ ಜನರಲ್ ನೋವಾ 800 ಯಂತ್ರದಲ್ಲಿ ತಿದ್ದಿ ಬೆಳೆಸಿದರು. ಅಂಕಿಗಳ ಆಜ್ಞೆಯ ಬದಲು 'ನ್ಯಾವ್', 'ಟಾರ್' ಅಂತ ಮೂರಕ್ಷರದ ಆಜ್ಞೆ ಬಂತು, ವಲಯಗಳಿಗೆ ನಕ್ಷತ್ರಗಳ ಹೆಸರು ಬಂತು. ಈ 'ಸೂಪರ್ ಸ್ಟಾರ್ ಟ್ರೆಕ್' 1978ರ 'ಬೇಸಿಕ್ ಕಂಪ್ಯೂಟರ್ ಗೇಮ್ಸ್' ಪುಸ್ತಕಕ್ಕೆ ಸೇರಿತು. ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಕಂಪ್ಯೂಟರ್ ಪುಸ್ತಕ ಅದು. ಮನೆಮನೆಯಲ್ಲೂ ಮಕ್ಕಳು ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲೇ ಟೈಪ್ ಮಾಡಿದರು. ನಮ್ಮ ಲಿಪಿಕಾರರು ಓಲೆಗರಿ ನಕಲು ಮಾಡುತ್ತಿದ್ದ ಹಾಗೆಯೇ. ಪಾಠಾಂತರಗಳೂ ಹಾಗೆಯೇ ಹುಟ್ಟಿದವು :-)

ಆ 1978ರ ಪ್ರೋಗ್ರಾಮಿನ ಮೊದಲ ಸಾಲುಗಳೆಂದರೆ ನನಗೆ ಬಹಳ ಇಷ್ಟ. ಅವು ಟಿಪ್ಪಣಿಗಳು, ಯಂತ್ರಕ್ಕೆ ಅವುಗಳಿಂದ ಏನೂ ಆಗಬೇಕಿಲ್ಲ. ಮೂಲ ಮೇಫೀಲ್ಡ್‌ನದು, ಅಚ್ಚಾದದ್ದು ಆಲ್ ಪುಸ್ತಕದಲ್ಲಿ, ತಿದ್ದಿದ್ದು ಲೀಡಮ್ ಅಂತ ವಂಶಾವಳಿ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ಬೇಸಿಕ್‌ಗೆ ತಂದವರು ಇನ್ನೊಂದು ಮಾತು ಸೇರಿಸಿದ್ದಾರೆ: 1975ರ ಆವೃತ್ತಿಯ ಸಾಲುಸಂಖ್ಯೆಗಳನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ ಅಂತ. ಯಾರಿಗಾಗಿ ಈ ಕಷ್ಟ? ಮುಂದೆಂದೋ ಹಳೆಯದನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಹೋಲಿಸುವ ಅಪರಿಚಿತನಿಗಾಗಿ. ನಾನು ಹಾಗೆ ಹೋಲಿಸಿದವರಲ್ಲಿ ಒಬ್ಬ. ಆ ಉಪಕಾರ ನನಗೆ ಮುಟ್ಟಿದೆ.

ಬೇಸಿಕ್ ಬಿಟ್ಟು ಬೇರೆ ಕವಲುಗಳೂ ಇವೆ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮಟುಜೆಕ್, ಪಾಲ್ ರೆನಾಲ್ಡ್ಸ್ ಮೊದಲಾದವರು ಫೋರ್ಟ್ರಾನ್‌ನಲ್ಲಿ ದೊಡ್ಡ ಆವೃತ್ತಿ ಮಾಡಿದರು. ಮುಂದೆ ಟಾಮ್ ಆಲ್ಮಿ ಅದನ್ನು ಸಿ ಭಾಷೆಗೆ ತಂದರು, ಆಮೇಲೆ ಎರಿಕ್ ರೇಮಂಡ್ ಅದರ ಪಾಲನೆ ವಹಿಸಿಕೊಂಡು ಪೈಥಾನ್‌ಗೂ ಇಳಿಸಿದರು. ಬರ್ಕ್ಲಿ ಯುನಿಕ್ಸ್ ಜೊತೆ ಬರುತ್ತಿದ್ದ 'ಟ್ರೆಕ್' ಎರಿಕ್ ಆಲ್ಮನ್ ಬರೆದದ್ದು. ಇಮೇಲ್ ಸಾಗಿಸುವ ಸೆಂಡ್‌ಮೇಲ್ ಬರೆದ ಅದೇ ಆಲ್ಮನ್!

ಇನ್ನು ನನ್ನ ಉಸಾಬರಿ. ನಾನು ಲೀಡಮ್ ಕವಲಿನದನ್ನು ಪೈಥಾನ್‌ಗೆ ತಂದು ಮಾತುಗಳನ್ನೆಲ್ಲ ಕನ್ನಡ ಮಾಡಿದೆ. ಅಲ್ಲಿ ಎದುರಾದದ್ದು ಅದೇ ಮೂರಕ್ಷರದ ಮನೆ. ಇಂಗ್ಲಿಷಿನಲ್ಲಿ ಮೂರು ಅಕ್ಷರ ಅಂದರೆ ಮೂರು ಜಾಗ. ಕನ್ನಡದಲ್ಲಿ? ನೌಕೆಗೆ 'ನೌ' ಅಂತ ಇಟ್ಟರೆ ನಮಗೆ ಒಂದು ಅಕ್ಷರ, ಯುನಿಕೋಡ್‌ಗೆ ಎರಡು ಸಂಕೇತ. 'ಕ್ಷ' ಮೂರು ಸಂಕೇತ. ಕುತೂಹಲಕ್ಕೆ ಹಳೆಯ 192ರ ಲೆಕ್ಕವನ್ನೇ ಕನ್ನಡದಲ್ಲಿ ಪರೀಕ್ಷಿಸಿ ನೋಡಿದೆ. ಪೈಥಾನ್ 2 ಬೈಟುಗಳನ್ನು ಎಣಿಸುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸರಿಯಾಗಿ ಮೂರು ಬೈಟು. ಹಾಗಾಗಿ ಶತ್ರುವಿಗೆ 'ಶ' ಇಟ್ಟರೆ ಉದ್ದ ಮೂರೇ ಬಂದು ಲೆಕ್ಕ ತಾನಾಗಿ ಸರಿಹೋಗುತ್ತದೆ! ಪೈಥಾನ್ 3ರಲ್ಲಿ ಅದೇ 'ಶ' ಒಂದು, ನಕ್ಷೆ ಚೆಲ್ಲಾಪಿಲ್ಲಿ. ಅದಕ್ಕೇ ನನ್ನ ಆವೃತ್ತಿಯಲ್ಲಿ ನಕ್ಷೆಯನ್ನು ಅಕ್ಷರಗಳಲ್ಲಿ ಇಟ್ಟೇ ಇಲ್ಲ. ಅಂಕಿಗಳ ಕೋಷ್ಟಕ ಒಂದು ಕಡೆ, ಅದನ್ನು ಅಕ್ಷರದಲ್ಲಿ ತೋರಿಸುವ ಕೆಲಸ ಇನ್ನೊಂದು ಕಡೆ. 2020ರ ಜನವರಿಗೆ ಪೈಥಾನ್ 2ರ ಬೆಂಬಲ ನಿಂತಾಗ ಆಟವನ್ನು ಹೊಸ ಮನೆಗೆ ಸಾಗಿಸಲು ಒಂದು ಭಾನುವಾರ ಸಾಕಾಯಿತು. ಭಾಗಾಕಾರದ ಚಿಹ್ನೆ ಮಾತ್ರ ಎಲ್ಲೆಲ್ಲಿದೆ ಅಂತ ಹುಡುಕಬೇಕಾಯಿತು. ಮೊದಲು 7ನ್ನು 2ರಿಂದ ಭಾಗಿಸಿದರೆ 3 ಬರುತ್ತಿತ್ತು, ಈಗ ಮೂರೂವರೆ. ಮೂರೂವರೆಯನೇ ವಲಯ ಅಂತ ಆಕಾಶದಲ್ಲಿ ಇಲ್ಲವಲ್ಲ!

ಎಲ್ಲವನ್ನೂ ಬದಲಿಸಬೇಕೆಂದಿಲ್ಲ. 1978ರ ಪ್ರೋಗ್ರಾಮಿನಲ್ಲಿ ಒಂದರಿಂದ ಎಂಟರೊಳಗೆ ಯಾವುದಾದರೂ ಸಂಖ್ಯೆ ಆರಿಸಲು, ಯಾದೃಚ್ಛಿಕ ಸಂಖ್ಯೆಯನ್ನು 7.98ರಿಂದ ಗುಣಿಸಿ 1.01 ಕೂಡಿಸುತ್ತಾರೆ. ಎಂಟರಿಂದ ಗುಣಿಸಿ ಒಂದು ಕೂಡಿಸಿದರೆ ಸಾಲದೇ? ಯಂತ್ರವೇನಾದರೂ ಪೂರ್ತಿ 1 ಕೊಟ್ಟುಬಿಟ್ಟರೆ ಉತ್ತರ 9 ಆಗಿ ನೌಕೆ ನಕ್ಷೆಯಾಚೆ ಬೀಳುತ್ತದೆ. 7.98 ಇದ್ದರೆ 8.99, ಅಂದರೆ ಎಂಟೇ. ಗೊತ್ತಿಲ್ಲದ ಯಂತ್ರಗಳಲ್ಲಿ ಓಡಬೇಕಾದ ಆಟಕ್ಕೆ ಕಟ್ಟಿದ ತಾಯಿತ ಅದು. ಈಗಿನ ಯಂತ್ರಗಳಿಗೆ ಬೇಡ. ಆದರೂ ಉಳಿಸಿಕೊಂಡಿದ್ದೇನೆ, ಪಕ್ಕದಲ್ಲಿ ಕಾರಣ ಬರೆದು.

ವಲಯಗಳ ಹೆಸರನ್ನಂತೂ ಖುಷಿಯಿಂದ ಬದಲಿಸಿದೆ. ಲೀಡಮ್ 16 ಹೆಸರು ಹಿಡಿದು ಒಂದೊಂದಕ್ಕೆ ನಾಲ್ಕು ಸಂಖ್ಯೆ ಕೊಟ್ಟು 64 ಮಾಡಿದ್ದರು. ಆಂಟಾರೆಸ್ ಜ್ಯೇಷ್ಠಾ ಆಯಿತು, ಬೀಟಲ್‌ಜ್ಯೂಸ್ ಆರ್ದ್ರಾ, ಆರ್ಕ್ಟರಸ್ ಸ್ವಾತಿ, ಸ್ಪೈಕಾ ಚಿತ್ತಾ, ರೆಗ್ಯುಲಸ್ ಮಖಾ, ವೇಗಾ ಅಭಿಜಿತ್. ಮಳೆ ನಕ್ಷತ್ರ ಎಣಿಸಿ ಬಿತ್ತನೆ ಮಾಡುವ ನಮ್ಮ ಮಾವ ಒಮ್ಮೆ ಬಗ್ಗಿ ನೋಡಿ, "ಇದೇನೋ, ಕಂಪ್ಯೂಟರಿನಲ್ಲಿ ಪಂಚಾಂಗ ಇಟ್ಟಿದ್ದೀಯಲ್ಲ" ಅಂದರು. ಹೊಸ ಊರಿನಲ್ಲಿ ಆಟ ನೆಲೆಯಾಯಿತು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಡ.

ಒಂದು ಹಳೆಯ ಆಟಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಆಟದ ಮಾತಷ್ಟೇ ಅಲ್ಲ ಇದು. ಸಿಗ್ಮಾ 7, ನೋವಾ 800 ಈಗ ಎಲ್ಲೋ ಮ್ಯೂಸಿಯಮ್ಮಿನಲ್ಲಿ. ಆಟ ಉಳಿದದ್ದು ಅದನ್ನು ಯಾರು ಬೇಕಾದರೂ ಓದುವಂತೆ ಅಚ್ಚು ಹಾಕಿದ್ದರಿಂದ, ಸಾಗಿಸಿದ ಪ್ರತಿಯೊಬ್ಬರೂ ಮುಂದಿನವರಿಗೆ ಒಂದು ಚೀಟಿ ಬಿಟ್ಟುಹೋದದ್ದರಿಂದ. ನಮ್ಮ ಕಡೆ ನೋಡಿ. ಹಳೆಯ ಫಾಂಟ್ ಸಂಕೇತದಲ್ಲಿ ಟೈಪಾದ ಎಷ್ಟು ಕನ್ನಡ ಕಥೆ, ಲೇಖನ ಇವತ್ತು ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಿಚಡಿ! ಅವಕ್ಕೆ ಬೇಕಿರುವುದೂ ಇದೇ ಸಾಗಾಟ. ಜಿಯೋಸಿಟೀಸ್‌ನಲ್ಲಿ ಪುಕ್ಕಟೆ ಜಾಗ ಪಡೆದವರಿಗೆ 2009ರಲ್ಲಿ ಏನಾಯಿತು ಅಂತ ನಮಗೆ ಗೊತ್ತು. ಪುಕ್ಕಟೆ ಜಾಗದಲ್ಲಿ ಕೂತೇ ನಾನೂ ಇದನ್ನು ಬರೆಯುತ್ತಿರುವುದು.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಹಳೆಯ ಕಡತವೊಂದನ್ನು ತೆರೆದು ಯುನಿಕೋಡ್‌ಗೆ ತಂದಿಡಿ. ಮೇಲೊಂದು ಸಾಲು ಟಿಪ್ಪಣಿಯೂ ಇರಲಿ: ಯಾರು ಬರೆದದ್ದು, ಯಾವಾಗ, ನೀವು ಏನು ಬದಲಿಸಿದಿರಿ ಅಂತ. ಎಂದೋ ಯಾರೋ ಬಂದು ಹೋಲಿಸಿ ನೋಡುತ್ತಾರೆ.