ಚಲನೆಯ ಕಥೆ, ಭಾಗ 4: ನೀರು ತೂಗಿ ಸಮಯ ಅಳೆದವನು

ಬೀಳೋ ವಸ್ತುವಿನ ವೇಗ ಹೇಗೆ ಹೆಚ್ಚುತ್ತೆ ಅಂತ ಗೆಲಿಲಿಯೋಗೆ ಅಳೀಬೇಕಿತ್ತು. ಸೆಕೆಂಡ್ ತೋರಿಸೋ ನಂಬಿಕಸ್ಥ ಗಡಿಯಾರ ಆಗ ಇರಲಿಲ್ಲ. ಅದಕ್ಕೆ ಇಳಿಜಾರು ಹಲಗೆಯ ಗಾಡಿಯಲ್ಲಿ ಕಂಚಿನ ಗುಂಡು ಉರುಳಿಸಿದ, ನಿಧಾನ ಆಗ್ಲಿ ಅಂತ. ಅದು ಉರುಳುವಷ್ಟು ಹೊತ್ತು ಪಾತ್ರೆಯಿಂದ ಸಣ್ಣಗೆ ಸುರಿದ ನೀರನ್ನ ತಕ್ಕಡಿಯಲ್ಲಿ ತೂಗಿದ. ನೀರಿನ ತೂಕವೇ ಸಮಯ! (ತಕ್ಕಡಿ ಲೆಕ್ಕ ನಮ್ ಕಾಮರ್ಸ್‌ನೋರಿಗೆ ಬೇಗ ಅರ್ಥ ಆಗುತ್ತೆ ಬಿಡಿ.) ಸಮಯ ಎರಡು ಪಟ್ಟಾದ್ರೆ ದೂರ ನಾಲ್ಕು ಪಟ್ಟು.

1638ರಲ್ಲಿ ಇದು ಲೈಡನ್‌ನಲ್ಲಿ ಅಚ್ಚಾಯ್ತು. ಆಗ ಆತ ಗೃಹಬಂಧನದಲ್ಲಿದ್ದ, ಕಣ್ಣೂ ಹೋಗಿತ್ತು.

ಇತಿಹಾಸಕಾರ ಕೊಯ್ರೆ ಮಾತ್ರ ನಂಬಲಿಲ್ಲ: ಇಷ್ಟು ಒರಟು ಸಾಮಾನಲ್ಲಿ ಇಷ್ಟು ನಿಖರ ಉತ್ತರವಾ? 1961ರಲ್ಲಿ ಥಾಮಸ್ ಸೆಟಲ್ ಹಲಗೆ, ನೀರು ಇಟ್ಕೊಂಡು ಅದೇ ಥರ ಮಾಡಿ ನೋಡಿದ. ಲೆಕ್ಕ ಸರಿಯಾಗೇ ಬಂತು. ಕೊಯ್ರೆ ಆಗ ಇನ್ನೂ ಬದುಕಿದ್ದರು.